ಹೂ ಕೇಳಿದ ಶುಕ್ರವಾರ

ನಮ್ಮ ವಿಮಾನ ಕಂಪನಿ ಕೊಯಮತ್ತೂರಿನಿಂದ ಕಾಲು ಕೀಳುತ್ತಿದೆ ಎಂಬ ಸುದ್ದಿ ನಮಗೆ ಕೇಕಿನ ಜೊತೆ ಬಂತು. ಕೇಂದ್ರ ಕಚೇರಿಯವರು ಕಳಿಸಿದ ದೊಡ್ಡ ಕೇಕು. ಮೇಲೆ ನೀಲಿ ಕೆನೆಯಲ್ಲಿ ಊರಿನ ಹೆಸರು ಬರೆಸಿ, ಅದಕ್ಕೊಂದು ಧನ್ಯವಾದ ಸೇರಿಸಿದ್ದರು. ಚಾಕು ಇಟ್ಟ ಕೂಡಲೇ ಮೊದಲು ತುಂಡಾಗುವುದು ಊರಿನ ಹೆಸರೇ ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ನಾನು ತಿನ್ನಲಿಲ್ಲ. ಕೋಪ ಬಂದಾಗ ನನಗೆ ಸಿಹಿ ಗಂಟಲಲ್ಲಿ ಇಳಿಯುವುದಿಲ್ಲ, ಮತ್ತು ಕೋಪ ನನಗೆ ಬೇಗ ಬರುತ್ತದೆ.

ಒಂದು ಕಾಲಕ್ಕೆ ಇದು ಕಂಪನಿಯ ಹಬ್. ರೆಕ್ಕೆಯಲ್ಲಿ ಪಂಖ ತಿರುಗುವ ಪುಟ್ಟ ವಿಮಾನಗಳು ರಾತ್ರಿ ಇಲ್ಲೇ ತಂಗಿ, ಬೆಳಗಾದರೆ ಹುಬ್ಬಳ್ಳಿ, ಮೈಸೂರು, ಕೊಚ್ಚಿ, ವಿಜಯವಾಡ ಎಂದು ದಿಕ್ಕಿಗೊಂದರಂತೆ ಹಾರುತ್ತಿದ್ದವು. ತಿರುಪ್ಪೂರಿನ ಬನಿಯನ್ ವ್ಯಾಪಾರಿಗಳು, ಕಾಂಗೇಯಂನ ಎಣ್ಣೆ ಗಿರಣಿಯವರು, ಇಲ್ಲಿ ಓದಲು ಬಂದ ಕರ್ನಾಟಕದ ನಮ್ಮ ಕಡೆಯ ಹುಡುಗರು, ಎಲ್ಲರೂ ನನ್ನ ಕೌಂಟರಿನ ಮುಂದೆಯೇ ಹಾದು ಹೋಗಬೇಕು. ಕೊಬ್ಬರಿ ಬೇಗ ಬೆಂಕಿ ಹಿಡಿಯುತ್ತದೆ, ವಿಮಾನದಲ್ಲಿ ಒಯ್ಯುವಂತಿಲ್ಲ ಎಂದು ನಾನು ಎಷ್ಟು ಜನರ ಹತ್ತಿರ ಜಗಳ ಆಡಿದ್ದೇನೋ ಲೆಕ್ಕವಿಲ್ಲ. ಈಗ ಆ ಜಗಳಕ್ಕೂ ಕುತ್ತು ಬಂತು. ಸಂಜೆಯ ಹೈದರಾಬಾದ್ ವಿಮಾನ ಒಂದನ್ನು ಬಿಟ್ಟು ಉಳಿದದ್ದೆಲ್ಲ ರಾಯಪುರಕ್ಕೆ. ವಿಮಾನಗಳೂ ರಾಯಪುರಕ್ಕೆ, ಅವುಗಳನ್ನು ನೋಡಿಕೊಳ್ಳುವ ಜನವೂ ರಾಯಪುರಕ್ಕೆ. ಬರಲಾರೆ ಎನ್ನುವವರು ಮನೆಗೆ.

ನಮ್ಮ ಮ್ಯಾನೇಜರ್ ವಿನೋದಿನಿ ನನ್ನನ್ನೂ ಪ್ರಭಾಕರನ್‌ನನ್ನೂ ಒಟ್ಟಿಗೆ ಕೂರಿಸಿಕೊಂಡು ಉಳಿದ ವಿಷಯ ಹೇಳಿದರು. ಕೌಂಟರಿನಿಂದ ಹಿಡಿದು ವಿಮಾನದ ಬುಡದವರೆಗೆ ಎಲ್ಲ ಕೆಲಸ ಬಲ್ಲವರು ಒಬ್ಬರು ಇಲ್ಲಿ ಬೇಕು, ಒಬ್ಬರೇ ಸಾಕು. ಅಂಥವರು ಇರುವುದು ಇಬ್ಬರು.

“ಹೆಸರು ನೀನೇ ಕಳಿಸು ಅಂತ ಮೇಲಿನವರು ನನ್ನ ತಲೆಗೆ ಕಟ್ಟಿದ್ದಾರೆ,” ಎಂದರು ವಿನೋದಿನಿ. “ಯಾರ ಹೆಸರು ಬರೆದರೂ ಇನ್ನೊಬ್ಬರ ಮುಖ ನೋಡೋಕಾಗಲ್ಲ. ನೀವಿಬ್ಬರೇ ಮಾತಾಡಿಕೊಂಡು ಹೇಳಿ. ಇದನ್ನ ಹೇಡಿತನ ಅಂದ್ರೂ ಪರವಾಗಿಲ್ಲ.”

ಹೇಡಿತನ ಎಂದೇ ನಾನು ಮನಸ್ಸಿನಲ್ಲಿ ಅಂದುಕೊಂಡೆ. ಆಮೇಲೆ ಅವರ ಕಣ್ಣು ಕೆಂಪಾದದ್ದು ಕಾಣಿಸಿತು.

ನನಗೆ ರಾಯಪುರ ಎಂದರೆ ಬರಿಯ ದೂರದ ಊರಲ್ಲ. ನನ್ನ ಮಗಳು ಶ್ರೇಯಾಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಆ ಮಾತನ್ನು ಡಾಕ್ಟರ್ ಹೇಳಿದ ಮೇಲೆ ಅವಳ ಅಪ್ಪನಿಗೂ ನಮ್ಮ ಮಾತು ಕೇಳಿಸದೆ ಹೋಯಿತು. ಅವನ ವಿಷಯ ಅಷ್ಟೇ ಸಾಕು. ಈ ಊರಿನಲ್ಲೇ ಅವಳ ಕಿವಿಯ ಒಳಗೆ ಯಂತ್ರ ಕೂರಿಸುವ ಆಪರೇಷನ್ ಆಯಿತು. ಕಿವಿಯ ಮೇಲೆ ತಲೆಗೆ ಅಂಟಿಕೊಳ್ಳುವ ಒಂದು ಬಿಲ್ಲೆ, ಅದರಿಂದ ಇಳಿದ ತೆಳ್ಳನೆಯ ವೈರು, ವೈರಿನ ತುದಿಯಲ್ಲಿ ಬ್ಯಾಟರಿ ಹಾಕಿದ ಡಬ್ಬಿ. ಆ ಡಬ್ಬಿಯನ್ನು ಎದೆಯ ಮೇಲೆ ಪುಟ್ಟ ಚೀಲದಲ್ಲಿ ಕಟ್ಟಬೇಕು. ಆಪರೇಷನ್ ಆದ ಮಾತ್ರಕ್ಕೆ ಮಗು ಮಾತಾಡುವುದಿಲ್ಲ. ಸದ್ದು ಯಾವುದು, ಮಾತು ಯಾವುದು ಎಂದು ಅವಳ ತಲೆಗೆ ಹೊಸದಾಗಿ ಕಲಿಸಬೇಕು. ಮಾತು ಕಲಿಸುವ ಟೀಚರ್ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದ್ದರು: ಮೊದಲು ಒಂದೇ ಭಾಷೆ, ಮನೆಯ ಭಾಷೆ, ಅದನ್ನು ಬೆಳಗಿನಿಂದ ಸಂಜೆಯವರೆಗೆ ಯಾರಾದರೂ ಅವಳ ಕಿವಿಗೆ ಸುರಿಯುತ್ತಲೇ ಇರಬೇಕು.

ಬೆಳಗಿನಿಂದ ಸಂಜೆಯವರೆಗೆ ನಾನು ವಿಮಾನ ನಿಲ್ದಾಣದಲ್ಲಿ. ತಮಿಳುನಾಡಿನ ಈ ಮೂಲೆಯಲ್ಲಿ ಕನ್ನಡ ಸುರಿಯುವವರನ್ನು ಎಲ್ಲಿಂದ ತರುವುದು? ಆಗ ಸಿಕ್ಕಿದವರು ಬೆಳ್ಳಿಯಮ್ಮ.

ಕಾಳಪಟ್ಟಿಯಲ್ಲಿ ಬಾಡಿಗೆ ಮನೆ ಹುಡುಕುತ್ತಾ ಹೋದಾಗ, ಒಂದು ಮನೆಯೊಳಗಿಂದ ಕೈಮಗ್ಗದ ಸದ್ದು ಬರುತ್ತಿತ್ತು. ಹೊರಗೆ ಬಂದ ಮುದುಕಿ ಬೀದಿಯವರ ಜೊತೆ ತಮಿಳಿನಲ್ಲಿ ಬೈದಾಡಿ, ಒಳಗೆ ತಿರುಗಿ ಬೆಕ್ಕಿಗೆ ಕನ್ನಡದಲ್ಲಿ ಬೈದರು. ನಾನು ನಿಂತಲ್ಲೇ ನಿಂತೆ. ಸಿರುಮುಗೈಯ ರೇಷ್ಮೆ ನೇಕಾರರ ಮನೆತನ. ಎಷ್ಟು ತಲೆಮಾರಿನ ಹಿಂದೆ ಈ ಕಡೆ ಬಂದರೋ ಅವರಿಗೂ ತಿಳಿಯದು. ಕನ್ನಡ ಅಕ್ಷರ ಒಂದೂ ಗೊತ್ತಿಲ್ಲ, ಕರ್ನಾಟಕ ನೋಡಿಲ್ಲ. ಭಾಷೆ ಮಾತ್ರ ಅಡುಗೆಮನೆಯಲ್ಲಿ ಉಳಿದುಕೊಂಡಿದೆ, ಅರ್ಧಕ್ಕರ್ಧ ತಮಿಳು ಬೆರೆತು, ತಮಿಳಿನ ರಾಗದಲ್ಲಿ. ಅವರ ಮನೆಯ ಒಂದು ಭಾಗಕ್ಕೇ ನಾವು ಬಾಡಿಗೆಗೆ ಬಂದೆವು.

“ಮಗ್ಗದ ಸತ್ತ ನಿಲ್ಲಿಸಿ ಮಾತಾಡಬೇಕಂತೆ ಅವ್ವಾ, ಇಲ್ಲಾಂದ್ರೆ ಮಗುವಿಗೆ ಎರಡೂ ಕಲಸಿ ಹೋಗುತ್ತಂತೆ,” ಎಂದು ನಾನು ಟೀಚರ್ ಹೇಳಿದ್ದನ್ನು ಹಿಂಜರಿಯುತ್ತಲೇ ಹೇಳಿದ್ದೆ. ‘ಸತ್ತ’ ಎಂದರೆ ಸದ್ದು, ಅವರಿಂದಲೇ ಕಲಿತದ್ದು.

“ಅಷ್ಟು ತಾನೇ ಅಮ್ಮಿಣಿ,” ಎಂದಿದ್ದರು ಬೆಳ್ಳಿಯಮ್ಮ, ಈ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಹಾಗೆ. “ಪಟ್ಟು ಸೀರೆ ಎಂಗೂ ಓಡಿ ಓಗಲ್ಲ. ಪಾಪಾಗೆ ವಯಸ್ಸು ಓಡಿ ಓಯ್ತದೆ.”

ಅಂದಿನಿಂದ ಅವರ ಮಗ್ಗ ಕುಂಟತೊಡಗಿತು. ನಾಲ್ಕು ಸಲ ಲಾಳಿ ಓಡಿಸುವುದು, ನಿಲ್ಲಿಸುವುದು, ಮಗುವಿನ ಕಡೆ ತಿರುಗಿ “ಕಣ್ಣೂ, ಇದು ಏನು? ನೂಲು. ನೂಲು ಕೆಂಪು,” ಎನ್ನುವುದು. ಮತ್ತೆ ನಾಲ್ಕು ಸಲ ಲಾಳಿ. ಒಂದು ಸೀರೆ ಇಳಿಯುವ ಹೊತ್ತಿಗೆ ಬೇರೆ ನೇಕಾರರು ಎರಡು ಇಳಿಸುತ್ತಿದ್ದರು. ನೂಲು ಕೊಡುವ ಸಿರುಮುಗೈಯ ಯಜಮಾನರು ಗೊಣಗಿದರೆ, “ಕೈ ನೋವು” ಎಂದು ಹೇಳಿ ಫೋನ್ ಇಡುತ್ತಿದ್ದರು. ನನಗೆ ಇದು ತಿಳಿದದ್ದೇ ಬಹಳ ತಡವಾಗಿ. ತಿಳಿದು ಬಾಡಿಗೆ ಹೆಚ್ಚು ಕೊಡಲು ಹೋದರೆ, ಬೆಕ್ಕಿಗೆ ಬೈಯುವ ದನಿಯಲ್ಲಿ ನನಗೂ ಬೈದರು.

ಇನ್ನೊಂದು ಉಪಕಾರ ಆಕಾಶದಿಂದ ಆಗುತ್ತಿತ್ತು. ವಿಮಾನಗಳು ಇಳಿಯುವಾಗ ನಮ್ಮ ಮನೆಯ ಮೇಲೇ ಹಾದು ಹೋಗುತ್ತವೆ. ಸದ್ದು ಕೇಳಿದ ಕೂಡಲೇ ಬೆರಳು ಮೇಲೆತ್ತಬೇಕು ಎಂಬುದು ಟೀಚರ್ ಕೊಟ್ಟ ಮೊದಲ ಪಾಠ. ದೊಡ್ಡ ಕಂಪನಿಗಳ ಜೆಟ್ ಬಂದರೆ ಶ್ರೇಯಾ ಬೆರಳೆತ್ತುತ್ತಿದ್ದಳು. ನಮ್ಮ ಪಂಖದ ವಿಮಾನ ಗುಂಯ್ ಎಂದು ಬಂದರೆ ಬೆರಳೆತ್ತಿ “ಅಮ್ಮ” ಎನ್ನುತ್ತಿದ್ದಳು. ಅವಳು ಮೊದಲು ನನ್ನನ್ನು ಅಮ್ಮ ಎಂದು ಕರೆದದ್ದು ನಾನು ಮನೆಯಲ್ಲಿ ಇಲ್ಲದಾಗ, ಹುಬ್ಬಳ್ಳಿಯಿಂದ ಬಂದ ವಿಮಾನವನ್ನು ನೋಡಿ. ನನಗೆ ಬೇಜಾರಿಲ್ಲ. ಆ ವಿಮಾನಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಈಗ ಅವಳ ಬಳಿ ಬಿಡಿ ಬಿಡಿ ಮಾತುಗಳಿದ್ದವು. ನೂಲು, ನೀರು, ಬೆಕ್ಕು, ಬಾ, ಬೇಡ. ಎರಡನ್ನು ಜೋಡಿಸಿ ತನ್ನದೇ ಒಂದು ಮಾತು ಮಾಡುವುದು ಮಾತ್ರ ಬಂದಿರಲಿಲ್ಲ. “ಬಂದೇ ಬರುತ್ತೆ, ಈಗ ಮಾತ್ರ ಜಾಗ ಬದಲಿಸಬೇಡಿ, ಆ ಅಜ್ಜಿಯಿಂದ ಬಿಡಿಸಬೇಡಿ,” ಎಂದು ಟೀಚರ್ ಎಚ್ಚರಿಸಿದ್ದರು. ರಾಯಪುರದಲ್ಲಿ ಬೆಳ್ಳಿಯಮ್ಮ ಇಲ್ಲ. ಕೆಲಸ ಬಿಟ್ಟು ಇಲ್ಲೇ ಇರುತ್ತೇನೆ ಎಂದರೆ ಟೀಚರಿಗೆ, ಬ್ಯಾಟರಿಗೆ, ಅನ್ನಕ್ಕೆ ದಾರಿ ಇಲ್ಲ.

ಪ್ರಭಾಕರನ್‌ಗೂ ಅಷ್ಟೇ ಗಟ್ಟಿಯಾದ ಕಾರಣಗಳಿದ್ದವು, ಅದೇ ನನ್ನ ಕಷ್ಟ. ಕೆಟ್ಟವನಾಗಿದ್ದರೆ ಜಗಳ ಆಡಿ ಗೆಲ್ಲಬಹುದಿತ್ತು. ಅವನು ವೆಳ್ಳಕೋಯಿಲ್ ಕಡೆಯವನು. ಇಳಿದು ಬಂದ ವಿಮಾನಕ್ಕೆ ಎರಡೂ ಕೈಯಲ್ಲಿ ಸನ್ನೆ ಮಾಡಿ ನಿಲ್ಲುವ ಜಾಗ ತೋರಿಸುವುದು ಅವನ ಕೆಲಸ. ವರ್ಷಗಟ್ಟಲೆ ಆ ಬಿಸಿಲಿನಲ್ಲಿ ನಿಂತು ಅವನ ಮುಖ, ಮುಂಗೈ ಎಲ್ಲ ಇದ್ದಿಲ ಬಣ್ಣಕ್ಕೆ ಬಂದಿತ್ತು. ಅಷ್ಟು ವಿಮಾನಗಳಿಗೆ ದಾರಿ ತೋರಿಸಿದವನು ಒಂದರಲ್ಲೂ ಕೂತು ಹಾರಿರಲಿಲ್ಲ. ವಾರದ ರಜೆ ಸಿಕ್ಕಿದರೆ ಊರಿಗೆ ಓಡಿ ತನ್ನ ಕಾಂಗೇಯಂ ಹಸುವಿನ ಮೈ ತಿಕ್ಕಬೇಕು. ಹೋದ ವರ್ಷವಷ್ಟೇ ಮದುವೆಯಾಗಿತ್ತು. ಹೆಂಡತಿ ಕಾರ್ತಿಕಾ ಕಾಂಗೇಯಂನ ಶಾಲೆಯೊಂದರಲ್ಲಿ ಟೀಚರ್. ಅವನು ರಾಯಪುರಕ್ಕೆ ಹೋದರೆ ಹೊಸ ಸಂಸಾರ ಎರಡು ತುಂಡು.

ಹುಬ್ಬಳ್ಳಿ ವಿಮಾನದ ಪ್ರಯಾಣಿಕರಿಂದ ಅವನು ಕನ್ನಡ ಕಲಿತಿದ್ದ. ಅದರ ಬಾಲಕ್ಕೆ ತನ್ನ ಕೊಂಗುನಾಡಿನ ಮರ್ಯಾದೆಯ ‘ಂಗ’ ಸೇರಿಸುತ್ತಿದ್ದ. ವಿನೋದಿನಿಯವರ ಕೋಣೆಯಿಂದ ಹೊರಗೆ ಬಂದಾಗ ಅವನೇ ಮೊದಲು ಬಾಯಿ ಬಿಟ್ಟ.

“ಮೇಡಂ, ಜಗಳ ಬ್ಯಾಡ್ರೀ. ಹೂ ಕೇಳೋಣಂಗ.”

“ಏನು ಕೇಳೋಣ?”

“ಹೂವು. ಮಾರಿಯಮ್ಮನ ಹತ್ರ. ಬಿಳಿ ಅರಳಿ ಒಂದು ಪೊಟ್ಟಣ, ಕೆಂಪು ಅರಳಿ ಒಂದು ಪೊಟ್ಟಣ. ಅಮ್ಮನ ಪಾದದಾಗ ಇಡೋದು, ಸಣ್ಣ ಮಗು ಒಂದನ್ನ ಎತ್ತೋದು. ಬಿಳಿ ಬಂದ್ರ ಹೌದು, ಕೆಂಪು ಬಂದ್ರ ಇಲ್ಲ. ನಮ್ಮ ಕಡೆ ಹೊಲ ಕೊಳ್ಳೋದು, ಬಾವಿ ತೋಡೋದು, ಹೆಣ್ಣು ನೋಡೋದು ಎಲ್ಲಾ ಹಂಗೇ. ನನಗ ಕಾರ್ತಿಕಾನ್ನ ಕೊಟ್ಟಿದ್ದೂ ಹೂವೇ. ಹೂವು ಸುಳ್ಳು ಹೇಳಲ್ಲಂಗ.”

ಅವನು ಅರಳಿ ಎನ್ನುವುದು ನಾವು ಕಣಗಿಲೆ ಎನ್ನುವ ಹೂವನ್ನು. ನಮ್ಮೂರಿನಲ್ಲೂ ದೇವರ ಹತ್ತಿರ ಕೇಳುತ್ತಾರೆ, ಆದರೆ ದೇವರೇ ಮನಸ್ಸು ಬಂದಾಗ ಬಲಗಡೆಯಿಂದ ಹೂ ಬೀಳಿಸಬೇಕು. ಇಲ್ಲಿ ಪೊಟ್ಟಣ ಕಟ್ಟಿ ದೇವಿಯನ್ನು ಪರೀಕ್ಷೆಗೆ ಕೂರಿಸುತ್ತಾರೆ. ನನಗೆ ಕೋಪ ನೆತ್ತಿಗೇರಿತು.

“ನನ್ನ ಮಗಳ ಬಾಯಿಗೆ ಮಾತು ಬರೋದು ಬಿಡೋದು ನಿಮ್ಮ ಕಣಗಿಲೆ ಹೂವಿನ ಮೇಲೆ ನಿಂತಿದೆಯಾ? ಹಾಗಂತ ಟೀಚರ್ ಹತ್ತಿರ ಹೋಗಿ ಹೇಳಲಾ?”

ಅವನು ಕಿವಿಗೆ ಹಾಕುವ ಸದ್ದು ತಡೆಯುವ ಮಫ್ಲರನ್ನು ಕತ್ತಿಗೆ ಇಳಿಬಿಟ್ಟುಕೊಂಡು ನೆಲ ನೋಡುತ್ತಾ ನಿಂತ. “ಬೇರೆ ದಾರಿ ಇದ್ರ ನೀವೇ ಹೇಳ್ರೀ.”

ಬೇರೆ ದಾರಿ ಒಂದಿತ್ತು. ‘ನನಗೆ ಬಿಟ್ಟುಕೊಡಿ’ ಎಂದು ಅವನ ಮುಂದೆ ಕೈ ಚಾಚುವುದು. ಅವನಿಗೆ ಶ್ರೇಯಾ ಗೊತ್ತು. ಒಮ್ಮೆ ಮನೆಗೆ ಬಂದಿದ್ದಾಗ ಅವಳು ಚಾವಣಿಯತ್ತ ಬೆರಳೆತ್ತಿ “ಅಮ್ಮ” ಎಂದದ್ದನ್ನು ಕೇಳಿ, ಹೊರಗೆ ಓಡಿ ಹೋಗಿ ನಮ್ಮ ವಿಮಾನವೇ ಎಂದು ಖಾತ್ರಿ ಮಾಡಿಕೊಂಡು ಬಂದು, ಕಾಫಿ ಕುಡಿಯದೆ ಕಣ್ಣೊರೆಸಿಕೊಂಡು ಕೂತಿದ್ದ. ಕೇಳಿದರೆ ಇಲ್ಲ ಎನ್ನುತ್ತಿರಲಿಲ್ಲವೇನೋ. ಅದಕ್ಕೇ ನನಗೆ ಕೇಳಲಾಗಲಿಲ್ಲ. ಕೈ ಚಾಚುವುದಕ್ಕಿಂತ ಹೂವೇ ವಾಸಿ ಎನ್ನಿಸಿತು.

“ಯಾರ ಹೆಸರಲ್ಲಿ ಕೇಳೋದು?” ಎಂದೆ.

“ನಿಮ್ಮ ಹೆಸರಲ್ಲೇ. ಬಿಳಿ ಬಂದ್ರ ನೀವು ಇಲ್ಲೇ. ಕೆಂಪು ಬಂದ್ರ ನಾನು. ಎರಡೂ ಒಂದೇ ಅಲ್ಲೇನ್ರೀ. ಹೂ ನಮ್ಮ ತೋಟದಿಂದ ನಾನೇ ತರ್ತೀನಿ.”

ಶುಕ್ರವಾರ ಬೆಳಿಗ್ಗೆ ಕಾಳಪಟ್ಟಿಯ ಬೇವಿನ ಮರದ ಕೆಳಗಿನ ಪುಟ್ಟ ಮಾರಿಯಮ್ಮನ ಗುಡಿಗೆ ಹೊರಟೆವು. ಬೆಳ್ಳಿಯಮ್ಮ ಅಂದು ಮಗ್ಗ ಮುಟ್ಟಲಿಲ್ಲ. ಶ್ರೇಯಾಗೆ ತಲೆ ಬಾಚಿ, ಡಬ್ಬಿ ಇಡುವ ಚೀಲಗಳಲ್ಲಿ ಒಳ್ಳೆಯದನ್ನು ತೆಗೆದು ಕಟ್ಟಿದರು. ಸೀರೆಯ ಕೊನೆಯಲ್ಲಿ ಉಳಿದ ರೇಷ್ಮೆಯ ತುಂಡುಗಳಿಂದ ಅವರೇ ಹೊಲಿದ ಚೀಲಗಳವು. ದಿನಕ್ಕೆ ಹತ್ತಿಯದು, ಹಬ್ಬ ಹುಣ್ಣಿಮೆಗೆ ಮಾತ್ರ ಈ ಜರಿ ಅಂಚಿನದು.

ಪ್ರಭಾಕರನ್ ನಮಗಿಂತ ಮುಂಚೆ ಬಂದು ನಿಂತಿದ್ದ. ಕೈಯಲ್ಲಿ ಬಾಳೆಲೆಯ ಗಂಟು. ಪೊಟ್ಟಣ ಯಾರು ಕಟ್ಟಬೇಕು ಎಂಬ ಪ್ರಶ್ನೆ ಬಂತು. ಅವನು ಕಟ್ಟಿದರೂ ತಪ್ಪು, ನಾನು ಕಟ್ಟಿದರೂ ತಪ್ಪು. ಬೆಳ್ಳಿಯಮ್ಮ ಮುಂದೆ ಬಂದು, “ಇಂಗೆ ಕೊಡಪ್ಪಾ,” ಎಂದು ಗಂಟು ಇಸಕೊಂಡು, ನಮಗೆಲ್ಲ ಬೆನ್ನು ಹಾಕಿ ಬೇವಿನ ಕಟ್ಟೆಯ ಮೇಲೆ ಕೂತರು. ಸೊಂಟದಿಂದ ಮಗ್ಗದ ನೂಲು ತೆಗೆದು ಕಟ್ಟುವುದು ಬೆನ್ನ ಹಿಂದಿನಿಂದ ಕಂಡಿತು. ಒಂದು ಗಳಿಗೆ ಅವರ ಕೈ ನಿಂತಿತು. ತಲೆಯೆತ್ತಿ, ಹಿಂದಕ್ಕೆ ತಿರುಗಿ ಪ್ರಭಾಕರನ್ ಮುಖ ನೋಡಿದರು. ನಾನು ಆಗ ಅದನ್ನು ಮುದುಕಿಯ ಗಾಬರಿ ಎಂದುಕೊಂಡೆ. ಮತ್ತೆ ತಲೆ ತಗ್ಗಿಸಿ ಗಂಟು ಬಿಗಿದರು.

ಪೂಜಾರಿ ಎರಡು ಪೊಟ್ಟಣಗಳನ್ನೂ ದೇವಿಯ ಪಾದದ ಬಳಿ ಇಟ್ಟು, “ಈ ಹೆಣ್ಣುಮಗಳು ನಿನ್ನ ಊರಿನಲ್ಲೇ ಇರಬೇಕೆಂದರೆ ಬಿಳಿ ಕೊಡು ತಾಯಿ,” ಎಂದು ತಮಿಳಿನಲ್ಲಿ ಬೇಡಿ, ಕರ್ಪೂರ ಹಚ್ಚಿದರು. ದೇವರನ್ನು ನಂಬುತ್ತೇನೋ ಇಲ್ಲವೋ ಎಂದು ಯೋಚಿಸುವಷ್ಟು ಪುರುಸೊತ್ತು ಇರಲಿಲ್ಲ. ಸುಮ್ಮನೆ ಬಿಳಿ, ಬಿಳಿ ಎಂದು ಮನಸ್ಸು ಬಡಬಡಿಸುತ್ತಿತ್ತು. ಹಾಗೆ ಬಡಬಡಿಸಿದ್ದಕ್ಕೆ ಪಕ್ಕದಲ್ಲಿ ನಿಂತವನ ಮುಖ ನೋಡಲು ನಾಚಿಕೆಯೂ ಆಗುತ್ತಿತ್ತು.

“ಎತ್ತು ಕಣ್ಣೂ,” ಎಂದರು ಬೆಳ್ಳಿಯಮ್ಮ.

ಶ್ರೇಯಾ ಎರಡು ಕೈಯಲ್ಲೂ ಎರಡು ಪೊಟ್ಟಣ ಎತ್ತಿಕೊಂಡಳು. ಎಲ್ಲರೂ “ಒಂದು, ಒಂದು,” ಎಂದು ಕೂಗಿದೆವು. ಒಂದು ಎಂಬ ಮಾತು ಅವಳಿಗೆ ಗೊತ್ತು. ಬಲಗೈಯದನ್ನು ಪೂಜಾರಿಗೆ ಕೊಟ್ಟಳು. ಅವರು ನೂಲು ಬಿಚ್ಚಿದರು. ಎಲೆಯ ಒಳಗೆ ಬಿಳಿ ಕಣಗಿಲೆ.

“ಬೆಳ್ಳಗೆ! ಬೆಳ್ಳಗೆ ಐತೆ ನೋಡು ಪಾಪಾ!” ಎಂದು ಬೆಳ್ಳಿಯಮ್ಮ ಮಗುವಿನ ಮುಖದ ಹತ್ತಿರ ಹಿಡಿದು ಪಾಠ ಹೇಳಿದರು, ಅಂಥ ಹೊತ್ತಿನಲ್ಲೂ. ನಾನು ಬೇವಿನ ಕಟ್ಟೆಯ ಮೇಲೆ ಕುಸಿದು ಅತ್ತುಬಿಟ್ಟೆ. ಪ್ರಭಾಕರನ್ ದೇವಿಗೆ ಕೈ ಮುಗಿದು, “ಸರೀಂಗ ಮೇಡಂ, ಆಯ್ತಲ್ಲ,” ಎಂದು ನಕ್ಕ. ಉಳಿದ ಇನ್ನೊಂದು ಪೊಟ್ಟಣದ ಕಡೆ ಯಾರೂ ನೋಡಲಿಲ್ಲ. ಬಂದ ಉತ್ತರ ಒಪ್ಪಿಕೊಂಡ ಮೇಲೆ ಇನ್ನೊಂದನ್ನು ಬಿಚ್ಚಬಾರದಂತೆ, ಹಾಗೇ ನೀರಿಗೆ ಬಿಡಬೇಕಂತೆ. ಬಿಡುವ ಹೊತ್ತಿಗೆ ಅದು ಸಿಗಲಿಲ್ಲ. ಆಡು ತಿಂದಿರಬೇಕು ಎಂದುಕೊಂಡರು ಪೂಜಾರಿ.

ಅದೇ ಮಧ್ಯಾಹ್ನ ವಿನೋದಿನಿ ನನ್ನ ಹೆಸರು ಕಳಿಸಿದರು. ಭಾನುವಾರ ಸಂಜೆಯ ಹೈದರಾಬಾದ್ ವಿಮಾನದಲ್ಲಿ ಪ್ರಭಾಕರನ್ ಹೊರಡುವುದು, ಅಲ್ಲಿಂದ ಮುಂದೆ ರಾಯಪುರ. ಎರಡು ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ದೇವಿಯೇ ಕೊಟ್ಟದ್ದು, ನಾನು ಯಾರದ್ದನ್ನೂ ಕಿತ್ತುಕೊಂಡಿಲ್ಲ ಎಂಬ ಸಮಾಧಾನ ಇತ್ತು.

ಭಾನುವಾರ ಮಧ್ಯಾಹ್ನ ಡ್ಯೂಟಿಗೆ ಸೀರೆ ಉಡುತ್ತಿದ್ದೆ. ಬೆಳ್ಳಿಯಮ್ಮ ಮಗ್ಗದ ಮುಂದೆ. ಶ್ರೇಯಾ ತೊಳೆಯುವ ಬಟ್ಟೆಗಳ ರಾಶಿಯಿಂದ ಶುಕ್ರವಾರದ ಜರಿ ಚೀಲ ಎಳೆದು, ಅದರೊಳಗೆ ಬೆರಳು ತೂರಿಸಿ ಏನನ್ನೋ ತೆಗೆದಳು. ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದ ಬಾಳೆಲೆಯ ಪೊಟ್ಟಣ. ಎಲೆ ಕಪ್ಪಾಗಿತ್ತು, ನೂಲು ಸಡಿಲವಾಗಿತ್ತು. ಬಿಚ್ಚಿ ಒಳಗಿನದನ್ನು ಬಾಯಿಯ ಹತ್ತಿರ ಒಯ್ದಳು. ಕಣಗಿಲೆ ವಿಷ ಎಂದು ನೆನಪಾಗಿ ನಾನು ಸೆರಗು ಬಿಟ್ಟು ಓಡಿ ಅವಳ ಕೈ ಹಿಡಿದೆ.

“ಬೇಡ! ಕೊಡು ಇಲ್ಲಿ!”

ಅವಳು ಕೊಡಲಿಲ್ಲ. ಬಾಡಿದ ಹೂವನ್ನು ನನ್ನ ಮುಖದ ಹತ್ತಿರ ಹಿಡಿದು, ಬೆಳ್ಳಿಯಮ್ಮನ ರಾಗದಲ್ಲೇ ಹೇಳಿದಳು.

“ಇದೂ ಬೆಳ್ಳಗೆ.”

ಮಗ್ಗ ನಿಂತಿತು.

ಮೊದಲು ನನಗೆ ಕೇಳಿಸಿದ್ದು ಎರಡು ಮಾತು ಜೋಡಿಯಾದದ್ದು. ಯಾರೂ ಹೇಳಿಕೊಡದೆ, ತನ್ನ ಕಣ್ಣಿಂದ ನೋಡಿ, ಮೊದಲಿನದನ್ನು ನೆನಪಿಟ್ಟು, ಇದೂ ಎಂದು ಸೇರಿಸಿ ಹೇಳಿದ್ದಳು. ಟೀಚರ್ ಕಾಯುತ್ತಿದ್ದದ್ದು ಇದಕ್ಕೇ. ಅವಳನ್ನು ಎತ್ತಿಕೊಂಡು ಮನೆ ತುಂಬ ತಿರುಗಿದೆ. ಆಮೇಲೆ ಅವಳು ಹೇಳಿದ್ದು ಏನು ಎಂಬುದು ತಲೆಗೆ ಇಳಿಯಿತು. ಅಂಚು ಕಂದಿದ್ದರೂ ಹೂವು ಬಿಳಿಯದೇ. ಕೆಂಪು ಹೂವು ಎಲ್ಲೂ ಇರಲೇ ಇಲ್ಲ.

“ಅವ್ವಾ,” ಎಂದೆ. “ಇದನ್ನ ಕಟ್ಟಿದ್ದು ನೀವು.”

“ಕಟ್ಟಿದ್ದು ನಾನೇ.” ಬೆಳ್ಳಿಯಮ್ಮ ಲಾಳಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. “ಆ ತಂಬಿ ಕೊಟ್ಟ ಊವು ನಾನು ಕಟ್ಟಿದೆ. ಬೇರೆ ಊವು ಅವನು ತರಲಿಲ್ಲ. ಯಾಕಪ್ಪಾ ಅಂತ ನಾನು ಕೇಳಲಿಲ್ಲ. ಮೊಗ ನೋಡಿದೆ, ಅವನು ತಲೆ ಆಡಿಸಿದ. ಸೆರಿ ಅಂತ ಕಟ್ಟಿದೆ.”

“ನನಗೆ ಹೇಳಬಾರದಿತ್ತಾ?”

“ಏಳಿದ್ರೆ ನೀನು ಸುಮ್ಮಾ ಇರ್ತಿದ್ದಾ? ಅಂಗೇ ಆಕಾಶಕ್ಕೆ ಎಗರ್ತಿದ್ದೆ. ಆ ಕ್ವಾಪ ನನಗೆ ಗೊತ್ತಿಲ್ಲವಾ ಅಮ್ಮಿಣಿ.”

ಅವರ ಮಾತು ಸರಿಯೇ, ಏಕೆಂದರೆ ನಾನು ಆಗಲೇ ಎಗರಿದ್ದೆ. ಪೊಟ್ಟಣವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಸ್ಕೂಟರ್ ಹತ್ತಿದೆ. ಯಾರು ಕೇಳಿದ್ದರು ಅವನ ದಾನ? ನನ್ನನ್ನು ಭಿಕ್ಷೆಗೆ ನಿಂತವಳು ಎಂದುಕೊಂಡನೇ? ಕೈ ಚಾಚಬಾರದು ಎಂದೇ ಅಲ್ಲವೇ ನಾನು ಗುಡಿಗೆ ಹೋದದ್ದು? ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಬಿರುನುಡಿಗಳನ್ನು ಜೋಡಿಸಿಕೊಂಡೆ.

ನಮ್ಮ ಕೌಂಟರುಗಳ ಸಾಲಿನಲ್ಲಿ ಒಂದಕ್ಕೆ ಮಾತ್ರ ದೀಪ ಹಚ್ಚಿದ್ದರು. ಉಳಿದವುಗಳ ಮೇಲಿನ ಹೆಸರಿನ ಹಲಗೆಗಳನ್ನು ಇಳಿಸಿಯಾಗಿತ್ತು. ಪ್ರಭಾಕರನ್ ಸಾಲಿನ ಕೊನೆಯಲ್ಲಿ ನಿಂತಿದ್ದ. ಇಸ್ತ್ರಿ ಹಾಕಿದ ಅಂಗಿ, ಹೊಸ ಚಪ್ಪಲಿ, ಒಂದು ಪೆಟ್ಟಿಗೆ. ಪ್ರಯಾಣಿಕರ ಸಾಲಿನಲ್ಲಿ ಹೇಗೆ ನಿಲ್ಲಬೇಕೆಂದು ತಿಳಿಯದೆ ಎರಡು ಸಲ ಬೇರೆಯವರಿಗೆ ಜಾಗ ಬಿಟ್ಟುಕೊಟ್ಟ. ಕಡೆಗೆ ನನ್ನ ಮುಂದೆ ಬಂದ. ನಾನು ಕರವಸ್ತ್ರ ಬಿಚ್ಚಿ ಕೌಂಟರಿನ ಮೇಲೆ ಇಟ್ಟೆ.

“ಇದೇನು?”

ಅವನು ಬಾಡಿದ ಹೂವನ್ನೂ ನನ್ನನ್ನೂ ನೋಡಿದ. ಮುಖ ಸ್ವಲ್ಪವೂ ಕದಲಲಿಲ್ಲ.

“ಅರಳಿ ಹೂವುಂಗ.”

“ಕೆಂಪು ಎಲ್ಲಿ?”

“ಈ ಸಲ ನಮ್ಮ ತೋಟದಾಗ ಕೆಂಪು ಬಿಡಲೇ ಇಲ್ಲಂಗ ಮೇಡಂ.”

ಕೆಂಪು ಕಣಗಿಲೆ ವರ್ಷದ ಎಲ್ಲ ದಿನವೂ ಬಿಡುತ್ತದೆ. ವೆಳ್ಳಕೋಯಿಲ್ ರಸ್ತೆಯ ಉದ್ದಕ್ಕೂ ಅದೇ ಇದೆ. ನಾನು ಜೋಡಿಸಿಕೊಂಡು ಬಂದಿದ್ದ ಬಿರುನುಡಿಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಹೂವು ಸುಳ್ಳು ಹೇಳಲ್ಲ ಅಂದಿದ್ರಿ,” ಎಂದೆ.

“ಹೂವು ಏನು ಸುಳ್ಳು ಹೇಳ್ತು? ಬಿಳಿ ಇತ್ತು, ಬಿಳಿ ಅಂತು.”

“ನಾನು ವಿನೋದಿನಿ ಮೇಡಂಗೆ ಹೇಳ್ತೀನಿ. ಮತ್ತೆ ಕೇಳೋಣ. ಸರಿಯಾಗಿ ಕೇಳೋಣ.”

“ಒಂದು ಮಾತನ್ನ ಅಮ್ಮನ ಹತ್ರ ಎರಡು ಸಲ ಕೇಳಬಾರದುಂಗ. ತಪ್ಪಾಗ್ತದ.” ಅವನು ಪೆಟ್ಟಿಗೆಯನ್ನು ತೂಕದ ಬೆಲ್ಟಿನ ಮೇಲೆ ಇಟ್ಟ. “ಕಾರ್ತಿಕಾನೇ ಅಂದ್ಲು. ನನ್ನ ಶಾಲೀ ಮಕ್ಕಳು ಮಾತಾಡಿ ಮಾತಾಡಿ ನನ್ನ ತಲಿ ತಿಂತಾವ, ಆ ಮಗು ಯಾಕ ಮಾತಾಡಬಾರದು ಅಂತ. ಅಲ್ಲಿ ಮನಿ ಸಿಕ್ಕರ ಅವಳೂ ಬರ್ತಾಳ. ಹಸು ಹೆಂಗಂತನೇ ಯೋಚನಿ. ಕಿಟಕಿ ಸೀಟು ಕೊಡ್ರೀ ಮೇಡಂ. ನನಗ ಭಯ ಆದ್ರ ಭೂಮಿ ಕಾಣಬೇಕು.”

“ಮಗು ಮಾತಾಡಿತು,” ಎಂದೆ. “ಇವತ್ತೇ. ಎರಡು ಮಾತು ಜೋಡಿಸಿ ಹೇಳಿತು. ಪೊಟ್ಟಣ ಬಿಚ್ಚಿ, ‘ಇದೂ ಬೆಳ್ಳಗೆ’ ಅಂದಳು.”

ಆಗ ಅವನ ಮುಖ ಕದಲಿತು. ಕೌಂಟರಿನ ಅಂಚು ಹಿಡಿದು ನಿಂತ. “ಹಂಗಂದ್ಲಾ?” ಎಂದ. ಮತ್ತೊಮ್ಮೆ, ತನ್ನಷ್ಟಕ್ಕೆ, “ಹಂಗಂದ್ಲಾ,” ಎಂದ.

ಧನ್ಯವಾದ ಎಂಬ ಮಾತು ನನ್ನ ಬಾಯಿಯವರೆಗೂ ಬಂದು ಅಲ್ಲೇ ನಿಂತಿತು. ಕೇಕಿನ ಮೇಲೆ ಬರೆಯುವ ಮಾತದು, ಇಲ್ಲಿಗೆ ಸಾಲದು. ನೆಲದ ಮೇಲೆ ನಾವೆಲ್ಲ ನಿಲ್ಲುವ ಜಾಗ ಕಾಣುವ ಕಿಟಕಿ ಸೀಟು ಹುಡುಕಿ ಕೊಟ್ಟೆ. ಪೆಟ್ಟಿಗೆಯಲ್ಲಿ ಕೊಬ್ಬರಿ ಇದೆಯೇ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಇತ್ತು, ವಾಸನೆ ಬರುತ್ತಿತ್ತು. ಅವನೇ ನಕ್ಕು, ಪೆಟ್ಟಿಗೆ ತೆರೆದು ಕೊಬ್ಬರಿಯ ಚೀಲ ತೆಗೆದು ನನ್ನ ಕೈಗೆ ಕೊಟ್ಟು, “ಪಾಪಾಗೆ ಇರಲಿ, ರೂಲ್ಸ್ ಮುರೀಬ್ಯಾಡ್ರಿ,” ಎಂದು ಒಳಗೆ ಹೋದ.

ಉಳಿದ ಕೆಲಸವೂ ನನ್ನದೇ. ಅವನ ಹಳದಿ ಕೋಟು ನನಗೆ ಮೊಣಕಾಲಿನವರೆಗೆ ಬಂತು. ಅವನು ಬಿಟ್ಟುಹೋದ ಮಫ್ಲರನ್ನು ಕಿವಿಗೆ ಹಾಕಿಕೊಂಡು ವಿಮಾನದ ಮುಂದೆ ನಿಂತೆ. ಪಂಖಗಳು ತಿರುಗತೊಡಗಿದವು, ಸದ್ದೇ ಇಲ್ಲ. ಎಲ್ಲ ಕಾಣುತ್ತದೆ, ಏನೂ ಕೇಳಿಸದು. ಆಪರೇಷನ್ನಿಗೆ ಮೊದಲು ಶ್ರೇಯಾ ಇದ್ದ ಜಗತ್ತು ಇದೇ ಎಂದು ಮೊದಲ ಬಾರಿ ನನ್ನ ಕಿವಿಗೇ ತಿಳಿಯಿತು. ವಿಮಾನ ತಿರುಗಿದಾಗ ಕಿಟಕಿಯಲ್ಲಿ ಅವನ ಕೈ ಕಂಡಿತು. ಹೊರಡುವ ವಿಮಾನಕ್ಕೆ ನೆಲದ ಮೇಲಿನವರು ಕೈಬೀಸುವುದು ನಮ್ಮ ವಾಡಿಕೆ. ವರ್ಷಗಟ್ಟಲೆ ಅವನು ಬೀಸಿದ್ದ, ಯಾರಿಗೆ ಎಂದು ಕೇಳದೆ. ನಾನು ಎರಡೂ ಕೈಯೆತ್ತಿ, ವಿಮಾನ ಓಟದ ದಾರಿಯ ಕೊನೆ ಸೇರುವವರೆಗೂ ಬೀಸಿದೆ. ಜೊತೆಯವರು ಸಾಕು ಎಂದಿರಬೇಕು, ನನಗೆ ಕೇಳಿಸಲಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಗಾಳಿಯ ದಿಕ್ಕು ತಿರುಗಿದ್ದರಿಂದ ಅಂದು ವಿಮಾನ ನಮ್ಮ ಮನೆಯ ಮೇಲೇ ಏರಿ ಹೋಗಿತ್ತಂತೆ. ಬೆಳ್ಳಿಯಮ್ಮ ಬಾಗಿಲಲ್ಲೇ ನಿಂತು ಕಾಯುತ್ತಿದ್ದರು.

“ಅಮ್ಮಿಣಿ, ನಿನ್ನ ಪಿಳೇನು ಓಯ್ತು. ಪಾಪಾನ ಎತ್ತಿಕೊಂಡು ಅಂಗಳಕ್ಕೆ ಬಂದೆ. ಅದರೊಳಗೆ ಪಿರಬಾ ಮಾಮಾ ಅವ್ರೆ, ನಮ್ಮ ಪಿರಬಾ ಮಾಮಾ ಅಂದೆ. ಬೆರಳೆತ್ತಿ ಏನಂದ್ಲು ಗೊತ್ತಾ?”

“ಅಮ್ಮ ಅಂದಿರ್ತಾಳೆ.”

“ಇಲ್ಲ. ‘ಮಾಮಾ ಬೆಳ್ಳಗೆ’ ಅಂದ್ಲು.”

ಬಿಸಿಲಿನಲ್ಲಿ ನಿಂತು ನಿಂತು ಇದ್ದಿಲಾದ ಪ್ರಭಾಕರನ್. ನಾನು ನಗುತ್ತಾ ಬಾಗಿಲಲ್ಲೇ ಕೂತೆ, ನಗುತ್ತಲೇ ಅತ್ತೆ. ಬೆಳ್ಳಿಯಮ್ಮ ತಿದ್ದಿ ಹೇಳಿಕೊಡಲು ಬಾಯಿ ತೆರೆದರು. ನಾನು ಅವರ ಕೈ ಹಿಡಿದು, ಅದೊಂದನ್ನು ತಿದ್ದಬೇಡಿ ಅವ್ವಾ ಎಂದೆ.